ಪರೀಕ್ಷೆಯ ದಿನ ಎಳೆದ ಪಂಪು

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ, ಆಸ್ಪತ್ರೆಯ ಹಿಂದೆ ವಾಹನ ನಿಲ್ಲಿಸುವ ಜಾಗದಲ್ಲಿ, ಲಿಫ್ಟ್ ಮೆಕ್ಯಾನಿಕ್ ತನ್ನ ಹದಿನಾಲ್ಕು ವರ್ಷದ ಮಗಳಿಗೆ ಆಸ್ತಮಾದ ನೀಲಿ ಪಂಪನ್ನು ಎರಡು ಸಲ ಎಳೆಸಿದ. ಆ ಬೆಳಿಗ್ಗೆ ಅದನ್ನು ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು. ಹಿಂದಿನ ದಿನ ಆಸ್ಪತ್ರೆಯವರು ಫೋನ್ ಮಾಡಿ ನೆನಪಿಸಿಯೂ ಇದ್ದರು.

"ಅಪ್ಪ, ಬೇಡ ಅಂದಿದ್ದಾರಲ್ಲ."

"ಅವರಿಗೇನು, ಅಂತಾರೆ. ಆ ಮಿಷನ್ ಮೇಲೆ ಓಡೋಳು ಅವರ ಮಗಳಾ?"

"ಟೆಸ್ಟ್ ಕೆಟ್ಟೋಗುತ್ತೆ."

"ಕೆಟ್ರೆ ಇನ್ನೊಂದು ಮಾಡ್ಲಿ. ನೀನು ಕೆಟ್ರೆ ಇನ್ನೊಬ್ಬಳನ್ನ ಎಲ್ಲಿಂದ ತರಲಿ? ಎಳಿ ಅಂದ್ನಲ್ಲ."

ಹುಡುಗಿ ವ್ಯಾನಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಎಳೆದಳು. ಪಂಪನ್ನು ಅಪ್ಪನ ತೊಡೆಯ ಮೇಲೆ ಎಸೆದು, ಇಳಿದು, ಬಾಗಿಲನ್ನು ದಢಾರನೆ ಹಾಕಿ ನಡೆದಳು. ಅವಳು ಬಾಗಿಲನ್ನು ಹಾಗೆ ಹಾಕುವುದು ಅವನಿಗೆ ಹೊಸದೇನಲ್ಲ. ಈಚೆಗೆ ಅಪ್ಪ ಮಗಳ ನಡುವಿನ ಮಾತುಕತೆಯಲ್ಲಿ ಅರ್ಧ ಪಾಲು ಬಾಗಿಲುಗಳದ್ದೇ.

ಪರೀಕ್ಷೆ ಇಷ್ಟೇ. ಮೊದಲು ಯಂತ್ರದ ಕೊಳವೆಗೆ ಜೋರಾಗಿ ಊದಬೇಕು. ಆಮೇಲೆ ಓಡುವ ಪಟ್ಟಿಯ ಮೇಲೆ ಏದುಸಿರು ಬರುವವರೆಗೆ ಓಡಬೇಕು. ಇಳಿದ ಮೇಲೆ ಬಿಟ್ಟು ಬಿಟ್ಟು ಮತ್ತೆ ಊದಬೇಕು. ಓಡಿದ್ದರಿಂದ ಎದೆಯ ಕೊಳವೆಗಳು ಬಿಗಿದುಕೊಂಡರೆ ಊದುವ ಬಲ ಇಳಿಯುತ್ತದೆ, ಪರದೆಯ ಮೇಲಿನ ಗೆರೆ ಅದನ್ನು ತೋರಿಸುತ್ತದೆ. ನೀಲಿ ಪಂಪಿನ ಔಷಧಿ ಕೊಳವೆಗಳನ್ನು ಕೆಲವು ಗಂಟೆ ಬಿಗಿಯದಂತೆ ಹಿಡಿದಿಡುತ್ತದೆ. ಅದನ್ನು ಎಳೆದು ಓಡಿದರೆ ಪರೀಕ್ಷೆಗೆ ಒಳಗಾಗುವುದು ಔಷಧಿಯೇ ಹೊರತು ಎದೆಯಲ್ಲ.

ಮೆಕ್ಯಾನಿಕ್‌ಗೆ ಇದೆಲ್ಲ ಗೊತ್ತಿತ್ತು. ಆದರೆ ಆರು ವರ್ಷದವಳಿದ್ದಾಗ ಶಾಲೆಯ ಮೆಟ್ಟಿಲ ಮೇಲೆ ತುಟಿ ನೀಲಿಗಟ್ಟಿ ಕೂತಿದ್ದ ಮಗಳನ್ನು ಎತ್ತಿಕೊಂಡು ಓಡಿದವನು ಅವನು. ಅಂದಿನಿಂದ ಬಾಡಿಗೆಗೆ ನೆಲಮಹಡಿಯ ಮನೆಯನ್ನೇ ಹುಡುಕಿದ. ಶಾಲೆಯ ಆಟದ ಪೀರಿಯಡ್ಡಿಗೆ ಪ್ರತಿ ವರ್ಷ ಚೀಟಿ ಕೊಟ್ಟು ಅವಳನ್ನು ಗ್ರಂಥಾಲಯದಲ್ಲಿ ಕೂರಿಸಿದ. ಅವಳು ಮೆಟ್ಟಿಲ ಕಡೆ ಹೊರಟರೆ ಸಾಕು, ಲಿಫ್ಟಿನ ಗುಂಡಿ ಒತ್ತಿ ನಿಲ್ಲುತ್ತಿದ್ದ. ಹೀಗಿರುವ ಮನುಷ್ಯನಿಗೆ, ಮಗಳನ್ನು ಔಷಧಿಯಿಲ್ಲದೆ ಓಡಿಸಿ ಉಸಿರು ಕಟ್ಟುತ್ತದೋ ಇಲ್ಲವೋ ನೋಡೋಣ ಎಂದರೆ ಹೇಗಿರಬೇಡ?

ಒಳಗೆ ನರ್ಸು ಕೇಳಿದಳು: "ಪಂಪು ಕಡೇ ಸಲ ಯಾವಾಗ ಎಳೆದಿದ್ದು?"

ಮಗಳು ಅಪ್ಪನ ಮುಖ ನೋಡಿದಳು. "ನಿನ್ನೆ ಬೆಳಿಗ್ಗೆ," ಎಂದ ಮೆಕ್ಯಾನಿಕ್.

ಹುಡುಗಿ ಓಡಿದಳು, ಇಳಿದಳು, ಊದಿದಳು. ಗೆರೆ ಅಲ್ಲಾಡಲಿಲ್ಲ.

*

ಆ ಆಸ್ಪತ್ರೆಯಲ್ಲಿ ಆಸ್ತಮಾ ಇರುವ ಮಕ್ಕಳಿಗೂ ಕಾಲೇಜು ವಯಸ್ಸಿನವರಿಗೂ ಸಂಜೆ ಹೊತ್ತು ವ್ಯಾಯಾಮದ ತರಬೇತಿ ನಡೆಯುತ್ತಿತ್ತು. ಉದ್ದನೆಯ ಹಾಲು, ಗೋಡೆಗೆ ಒರಗಿಸಿಟ್ಟ ಚಾಪೆಗಳು, ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ. ಮೊದಲು ಮೈ ಬಿಸಿಯಾಗುವಷ್ಟು ನಡಿಗೆ, ಆಮೇಲೆ ಸ್ವಲ್ಪ ಓಟ, ಸ್ವಲ್ಪ ಬಿಡುವು, ಮತ್ತೆ ಓಟ. ಓಡಿದರೆ ಎದೆ ಬಿಗಿಯುವವರು ಶುರುವಿಗೆ ಮುಂಚೆ ನೀಲಿ ಪಂಪು ಎಳೆಯಬೇಕು. ಪರೀಕ್ಷೆಯಲ್ಲಿ ಬಿಗಿಯದವರಿಗೆ ಅದರ ಅಗತ್ಯವಿಲ್ಲ. ಇದನ್ನೆಲ್ಲ ನಡೆಸುವವಳು ಒಬ್ಬ ಫಿಸಿಯೋಥೆರಪಿಸ್ಟು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮಕ್ಕಳು ಅವಳಿಗೆ 'ಸೀಟಿ ಮೇಡಂ' ಎಂದು ಹೆಸರಿಟ್ಟಿದ್ದರು. ಅವಳ ಸೀಟಿಗಿಂತ ನಾಲಿಗೆ ಜೋರು.

ಪರೀಕ್ಷೆಗೆ ಮುಂಚೆಯೇ, ಮಗಳು ಅಲ್ಲಿಗೆ ಸೇರಿದ ಮೊದಲ ದಿನವೇ ಮೆಕ್ಯಾನಿಕ್‌ಗೂ ಅವಳಿಗೂ ಕೆಟ್ಟಿತ್ತು. ಅವನು ಹಾಲಿನ ಮೂಲೆಯಲ್ಲಿ ಪಂಪು ಹಿಡಿದು ನಿಂತಿದ್ದ. ಮಗಳು ಬೂಟಿನ ದಾರ ಕಟ್ಟಲು ಬಗ್ಗಿದ್ದೇ ತಡ, ಓಡುವ ಮಕ್ಕಳನ್ನು ಸೀಳಿಕೊಂಡು ನಡುವೆ ನುಗ್ಗಿದ್ದ. ಅವನಿಗೆ ಢಿಕ್ಕಿ ಹೊಡೆದ ಹುಡುಗನೊಬ್ಬನ ತುಟಿ ಒಡೆದು ರಕ್ತ ಬಂದಿತ್ತು.

"ಇಷ್ಟು ಜನರಲ್ಲಿ ಮೊದಲ ರಕ್ತ ಬರಿಸಿದ್ದು ಆಸ್ತಮಾ ಅಲ್ಲ, ನೀವು," ಎಂದಿದ್ದಳು ಸೀಟಿ ಮೇಡಂ. "ನಡೀರಿ ಹೊರಗೆ. ಬೆಂಚು ಅಲ್ಲಿದೆ."

"ನನ್ನ ಮಗಳಿಗೆ ಏನಾದ್ರೂ ಆದ್ರೆ?"

"ಆದ್ರೆ ನಾನಿದೀನಿ, ಆಕ್ಸಿಜನ್ ಇದೆ, ಮೇಲಿನ ಮಹಡಿಯಲ್ಲಿ ಡಾಕ್ಟರ್ ಇದಾರೆ. ನಿಮ್ಮತ್ರ ಏನಿದೆ? ಕಿರುಚಾಟ."

ಅಂದಿನಿಂದ ಅವನ ಜಾಗ ಕಾರಿಡಾರಿನ ಬೆಂಚು. ಅಲ್ಲಿ ಅವಳಿ ಮೊಮ್ಮಕ್ಕಳನ್ನು ಕರೆತರುವ ಒಬ್ಬ ಅಜ್ಜಿ ಅವನಿಗೆ ಗಂಟುಬಿದ್ದಳು. ಬಾಗಿಲಿನ ಗಾಜಿಗೆ ಅವನು ಮೂಗು ಒತ್ತಿದಾಗಲೆಲ್ಲ ಅಜ್ಜಿ ನಗುತ್ತಿದ್ದಳು. "ಏನಪ್ಪಾ, ಗಾಜು ಒರೆಸೋ ಕೆಲಸಾನೂ ಹಿಡಿದ್ಯಾ? ಅವಳನ್ನ ಕೂರಿಸಿ ನೀನೇ ಓಡಿಬಿಡು, ಹೊಟ್ಟೆನಾದ್ರೂ ಕರಗುತ್ತೆ."

ಸೀಟಿ ಮೇಡಂಗೆ ಕೊಡಬೇಕಾದ ಉತ್ತರಗಳೇ ಅವನ ತಲೆತುಂಬ ಇದ್ದವು. ಯಾವುದೋ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ಗ್ರೀಸು ಮೆತ್ತಿದ ಕೈಯಲ್ಲಿ ಅವನು ಆ ಉತ್ತರಗಳನ್ನು ಗೊಣಗಿಕೊಳ್ಳುತ್ತಿದ್ದ, ಜೊತೆಗಾರರು ಯಾರಿಗೆ ಬೈತಿದೀಯಾ ಎಂದು ಕೇಳುತ್ತಿದ್ದರು.

ಪರೀಕ್ಷೆಯ ಫಲ ಬಂದ ಸಂಜೆ ಸೀಟಿ ಮೇಡಂ ಅವನನ್ನು ತಾನೇ ಒಳಗೆ ಕರೆದಳು. ಹಾಲಿನ ತುಂಬ ಮಕ್ಕಳು, ಬಾಗಿಲಲ್ಲಿ ಪಾಲಕರು.

"ಬನ್ನಿ ಸರ್, ನೀವೇ ನೋಡಿ. ಓಡಿದ್ರೆ ಇವಳ ಎದೆ ಬಿಗಿಯೋದಿಲ್ಲ. ಗೆರೆ ಟೇಬಲ್ ಹಾಗೆ ಮಟ್ಟಸವಾಗಿದೆ. ಇಷ್ಟು ವರ್ಷ ಇವಳನ್ನ ಕೂರಿಸಿದ್ದು ಆಸ್ತಮಾ ಅಲ್ಲ, ಭಯ. ಯಾರ ಭಯ ಅಂತ ಬಿಡಿಸಿ ಹೇಳಬೇಕಾ?"

ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿಯೇ ಇರಬೇಕು. ಮೆಕ್ಯಾನಿಕ್‌ನ ಕಿವಿ ಕಾದವು. ಹೇಳಲು ಬಾಯಿ ತೆರೆದ. ಏನು ಹೇಳಿದರೂ ಮೊದಲು ವ್ಯಾನಿನ ವಿಷಯ ಹೇಳಬೇಕಾಗಿತ್ತು. ಬಾಯಿ ಮುಚ್ಚಿದ.

"ಮುಂದಿನ ಸಲದಿಂದ ಇವಳು ದೊಡ್ಡವರ ಗುಂಪಿಗೆ," ಎಂದಳು ಸೀಟಿ ಮೇಡಂ. "ಮುಂಚೆ ಪಂಪು ಬೇಕಿಲ್ಲ. ಏನಮ್ಮಾ, ಓಡ್ತೀಯಾ?"

"ಓಡ್ತೀನಿ ಮೇಡಂ," ಎಂದಳು ಹುಡುಗಿ. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ಅವನು ಕಂಡದ್ದೇ ಅಪರೂಪ. ಅದು ತನ್ನಿಂದ ಬಂದದ್ದಲ್ಲ ಎನ್ನುವುದು ಅವನಿಗೆ ಇನ್ನೂ ಉರಿಯಿತು.

*

ದೊಡ್ಡವರ ಗುಂಪೆಂದರೆ ಹದಿನೈದು ದಾಟಿದವರು, ಕಾಲೇಜಿನವರು, ಒಬ್ಬಿಬ್ಬರು ಕೆಲಸಕ್ಕೆ ಹೋಗುವವರು. ಅವರ ಓಟ ಜೋರು, ಬಿಡುವು ಕಡಿಮೆ. ಜೊತೆಗೆ ಹುಡುಗಿ ಶಾಲೆಯಲ್ಲಿ ಹ್ಯಾಂಡ್‌ಬಾಲ್ ತಂಡದ ಆಯ್ಕೆಗೆ ಹೆಸರು ಕೊಟ್ಟಳು. ಆಯ್ಕೆ ಶನಿವಾರ ಬೆಳಿಗ್ಗೆ, ಬಯಲಿನಲ್ಲಿ. ಆಡಬಹುದೆಂದು ಆಸ್ಪತ್ರೆಯಿಂದ ಪತ್ರವನ್ನೂ ಅವಳೇ ಕೇಳಿ ತಂದಳು. ಇಷ್ಟು ವರ್ಷ ಆಡಕೂಡದೆಂಬ ಚೀಟಿ ಒಯ್ದ ಕೈ ಅದು. ಆ ಪತ್ರವನ್ನು ಆಟದ ಮೇಷ್ಟ್ರ ಮೇಜಿನ ಮೇಲೆ ಬಡಿದೇ ಇಟ್ಟಳಂತೆ.

ಸೋಮವಾರ ತರಬೇತಿ ಮುಗಿಸಿ ವ್ಯಾನು ಹತ್ತಿದವಳು ಮೊದಲು ಮಾಡಿದ ಕೆಲಸ ರೇಡಿಯೋ ಜೋರು ಮಾಡಿದ್ದು. ಬುಧವಾರವೂ ಅದನ್ನೇ ಮಾಡಿದಳು. ಮೆಕ್ಯಾನಿಕ್ ಸಿಗ್ನಲ್ಲಿನಲ್ಲಿ ಕೈ ಚಾಚಿ ರೇಡಿಯೋ ಆರಿಸಿದ.

ಕೆಮ್ಮು ಕೇಳಿಸಿತು. ತುಟಿ ಬಿಗಿದು ಒಳಗೇ ಅದುಮಿದ ಸಣ್ಣ ಒಣ ಕೆಮ್ಮು. ಅದರ ಹಿಂದೆ, ಉಸಿರು ಬಿಡುವಾಗ, ಎದೆಯಲ್ಲಿ ಸಿಳ್ಳೆಯ ಸದ್ದು.

"ಪಂಪು ಎಳಿ."

"ಬೇಕಿಲ್ಲ."

"ಎದೆ ಸಿಳ್ಳೆ ಹೊಡೀತಿದೆ. ನಂಗೆ ಕಿವಿ ಇಲ್ವಾ?"

"ನಿಂಗೆ ಕಿವಿ ಜಾಸ್ತಿನೇ ಇದೆ. ನಾನು ಸುಮ್ನೆ ಉಸಿರಾಡಿದ್ರೂ ನಿಂಗೆ ಕೇಳುತ್ತೆ. ನಂಗೆ ಓಡಿದ್ರೆ ಏನೂ ಆಗಲ್ಲ. ಟೆಸ್ಟ್ ಹೇಳಿದೆ."

"ಟೆಸ್ಟ್ ಸುಳ್ಳು!"

"ಸುಳ್ಳು ಮಾಡಿದ್ದು ಯಾರು?"

ಹಿಂದಿನ ಗಾಡಿಯವನು ಹಾರನ್ ಹೊಡೆದ. ಹಸಿರು ದೀಪ ಬಂದಿತ್ತು. ಮೆಕ್ಯಾನಿಕ್ ಗೇರು ಹಾಕಲು ಹೋಗಿ ಗಾಡಿ ಆಫ್ ಮಾಡಿಕೊಂಡ.

"ನೋಡು," ಎಂದ, ದನಿ ತಗ್ಗಿಸಿ. "ಮೇಡಂಗೆ ಹೇಳಿಬಿಡೋಣ. ಓಡೋಕೆ ಮುಂಚೆ ಎಳ್ಕೊಂಡ್ರೆ ಆಯ್ತು."

"ಹೇಳು. ಹೇಳಿದ್ರೆ ಮತ್ತೆ ಟೆಸ್ಟ್ ಅಂತಾರೆ, ಪತ್ರ ವಾಪಸ್ ತಗೋತಾರೆ, ಶನಿವಾರ ಹೋಯ್ತು. ನಿಂಗೆ ಬೇಕಾಗಿರೋದೂ ಅದೇ ತಾನೇ? ಮತ್ತೆ ಗ್ರಂಥಾಲಯ, ಮತ್ತೆ ಲಿಫ್ಟು."

"ನಿನ್ನ ಒಳ್ಳೇದಕ್ಕೆ..."

"ನನ್ನ ಒಳ್ಳೇದಕ್ಕೇ ಅವತ್ತು ಎಳೆಸಿದ್ದು. ಈಗ ನನ್ನ ಒಳ್ಳೇದಕ್ಕೇ ಹೇಳ್ತೀಯಾ. ಪಂಪಿಂದ ಬಂತೋ ನನ್ನಿಂದಾನೇ ಬಂತೋ ಆ ಗೆರೆ, ನಿಂಗೇನು ಗೊತ್ತು? ನಾನೇ ಓಡಿರಬಹುದು. ಬಾಯಿ ಬಿಟ್ರೆ ನಾನು ನಿನ್ನನ್ನ ಅಪ್ಪ ಅಂತ ಕರೆಯೋದಿಲ್ಲ, ನೋಡ್ಕೋ."

ಅವಳು ಕೊನೆಗೂ ಪಂಪು ಎಳೆಯಲಿಲ್ಲ. ಮನೆ ಬರುವವರೆಗೂ ಇಬ್ಬರೂ ಆ ಸಿಳ್ಳೆಯನ್ನು ಕೇಳಿಸಿಕೊಂಡು ಕೂತರು.

ಅವಳ ಮಾತಿನಲ್ಲಿ ಒಂದು ಮುಳ್ಳಿತ್ತು. ಗೆರೆ ಔಷಧಿಯದೋ ಎದೆಯದೋ ಎಂದು ಹೇಳಲು ಈಗ ಯಾರಿಗೂ ಸಾಧ್ಯವಿರಲಿಲ್ಲ. ಅದನ್ನು ಹಾಗೆ ಮಾಡಿಟ್ಟವನು ಅವನೇ. ಆದರೆ ಸಿಳ್ಳೆ ಯಾರದೆಂಬುದರಲ್ಲಿ ಅನುಮಾನವಿರಲಿಲ್ಲ. ಹಾಲಿನಲ್ಲಾದರೆ ಆಕ್ಸಿಜನ್ ಇದೆ. ಬಯಲಿನಲ್ಲಿ, ತಂಪು ಗಾಳಿಯಲ್ಲಿ, ಆಯ್ಕೆಯಾಗಲೇಬೇಕೆಂದು ಹಟ ಹಿಡಿದು ಓಡುವವಳ ಪಕ್ಕ ಯಾರಿರುತ್ತಾರೆ? ಎದೆ ಬಿಗಿದರೂ ಅವಳು ನಿಲ್ಲುವವಳಲ್ಲ. ಅಪ್ಪನ ಮುಂದೆ ಸೋಲುವುದಕ್ಕಿಂತ ಬಿದ್ದೇ ಹೋದಾಳು.

*

ಹೆಂಡತಿ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನಲ್ಲಿ ಕೂರುವವಳು. ದಿನವೆಲ್ಲ ಹಲ್ಲುನೋವಿನವರ ಸಿಡಿಮಿಡಿ ಕೇಳಿ ಮನೆಗೆ ಬಂದರೆ ಮಗಳ ಕೋಣೆಯ ಬಾಗಿಲು ಮುಚ್ಚಿತ್ತು, ಗಂಡ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಅವನು ವ್ಯಾನಿನ ವಿಷಯ ಹೇಳಿದ. ಅವಳು ಚೀಲ ಕೆಳಗಿಡದೆ ನಿಂತೇ ಕೇಳಿದಳು.

"ಆ ತರಬೇತಿಗೆ ಸೇರಿಸೋಕೆ ನಾನು ನಿಮ್ಮ ಹತ್ರ ಎಷ್ಟು ತಿಂಗಳು ಬಡಿದಾಡಿದೆ ಗೊತ್ತಾ?"

"ಗೊತ್ತು."

"ಹೋದ ವರ್ಷ ನಿಮ್ಮ ಕೈಕೆಳಗಿನವನೊಬ್ಬ ಇನ್‌ಸ್ಪೆಕ್ಷನ್ ದಿನ ಲಿಫ್ಟಿನ ಬ್ರೇಕಿಗೆ ಏನೋ ತುರುಕಿ ಪಾಸ್ ಮಾಡಿಸಿದ ಅಂತ ಕುಣಿದಾಡಿದ್ರಿ. ಅವನ ಕೆಲಸ ತೆಗೆಸೋವರೆಗೂ ಬಿಡಲಿಲ್ಲ. ಜನ ಸಾಯ್ತಾರೆ, ಜನ ಸಾಯ್ತಾರೆ ಅಂತ ಒಂದೇ ಸಮ. ಈಗ?"

"ಅದೇ ಬೇರೆ..."

"ಹೌದ್ರೀ, ಬೇರೆ. ಅದು ಲಿಫ್ಟು, ಇದು ನಿಮ್ಮ ಮಗಳು." ಅವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ನನ್ನ ಮುಂದೆ ಮುಖ ಸಣ್ಣ ಮಾಡ್ಕೊಂಡು ಕೂತರೆ ಏನು ಬಂತು? ನಾಳೆ ಹೋಗಿ ಆ ಮೇಡಂ ಹತ್ರ ಹೇಳಿ. ನಾನು ಹೇಳೋಳಲ್ಲ. ಎಳೆಸಿದೋರು ನೀವು."

ಅವನಿಗೆ ಮಗಳು ಮಾತು ಬಿಡುವ ಭಯ ಒಂದು ಕಡೆ. ಇನ್ನೊಂದು ಕಡೆ ಸೀಟಿ ಮೇಡಂ. ಆ ಹೆಂಗಸಿನ ಎದುರು ನಿಂತು ತಪ್ಪು ನನ್ನದೇ ಎನ್ನುವುದಕ್ಕಿಂತ ಕೇಬಲ್ ಹರಿದ ಲಿಫ್ಟಿನಲ್ಲಿ ಇಳಿಯುವುದು ಸುಲಭ ಎನಿಸಿತು. ಅದೂ ಒಬ್ಬ ಲಿಫ್ಟ್ ಮೆಕ್ಯಾನಿಕ್‌ಗೆ.

*

ಗುರುವಾರ ತರಬೇತಿ ಇರಲಿಲ್ಲ. ಸೀಟಿ ಮೇಡಂ ಹಾಲಿನ ಪಕ್ಕದ ತನ್ನ ಕೋಣೆಯಲ್ಲಿ ಪಂಪುಗಳಿಗೆ ಹಾಕುವ ಪ್ಲಾಸ್ಟಿಕ್ ಕೊಳವೆಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಅವನನ್ನು ಕಂಡು ತಲೆಯೆತ್ತದೆ ಕೇಳಿದಳು: "ಏನು, ಇವತ್ತು ಗಾಜು ಸಾಲಲಿಲ್ವಾ? ನೇರ ಒಳಗೇ ಬಂದ್ರಿ?"

"ಟೆಸ್ಟ್ ದಿನ ನಾನು ಪಂಪು ಎಳೆಸಿದ್ದೆ," ಎಂದ ಅವನು. ನಿಂತರೆ ಹೇಳಲಾರೆನೆಂದು ಬಾಗಿಲಲ್ಲೇ ಹೇಳಿಬಿಟ್ಟ. "ಕೆಳಗೆ, ವ್ಯಾನಲ್ಲಿ. ಅವಳು ಬೇಡ ಅಂದ್ಲು. ನಾನೇ ಎಳೆಸಿದೆ."

ಅವಳ ಕೈ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು.

"ಎಷ್ಟು?"

"ಎರಡು ಸಲ."

"ನರ್ಸು ಕೇಳಿದಾಗ?"

"ಸುಳ್ಳು ಹೇಳಿದೆ."

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವನ ಹತ್ತಿರಕ್ಕೆ ಬಂದಳು. ಮುಖ ಕೆಂಪೇರಿತ್ತು. "ನಾನು ಆ ಹುಡುಗೀನ ಎರಡು ಸಂಜೆ ಪಂಪಿಲ್ಲದೆ ಓಡಿಸಿದೀನಿ. ದೊಡ್ಡವರ ಜೊತೆ. ನಿಂತ್ಕೊಂಡ್ರೆ ಇನ್ನೂ ಒಂದು ಸುತ್ತು ಅಂತ ಸೀಟಿ ಹೊಡೆದಿದೀನಿ. ಗೊತ್ತಾ ನಿಮಗೆ? ಗಾಜಿನಿಂದ ನೋಡ್ತಾನೇ ಇದ್ರಲ್ಲ?"

"ನೋಡ್ತಿದ್ದೆ."

"ನೋಡ್ತಾ ಸುಮ್ನಿದ್ರಿ."

"ನೀವು ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಿ. ಹೇಗೆ ಹೇಳಲಿ?"

"ನಿಮ್ಮ ಮಾನ!" ಅವಳು ನಕ್ಕದ್ದು ನಗೆಯಾಗಿರಲಿಲ್ಲ. "ನಿಮ್ಮ ಮಾನಕ್ಕೋಸ್ಕರ ಅವಳ ಉಸಿರು ಪಣಕ್ಕಿಟ್ರಾ?"

"ನೀವೇನು ಕಡಿಮೆನಾ?" ಅವನೂ ದನಿ ಏರಿಸಿದ. "ಎಂಟು ವರ್ಷದಿಂದ ಉಬ್ಬಸ ಪಡೋಳಿಗೆ ಗೆರೆ ಒಂಚೂರೂ ಅಲ್ಲಾಡಲಿಲ್ಲ ಅಂದ್ರೆ, ಯಾಕೆ ಅಂತ ಒಂದು ಮಾತು ಕೇಳಬಾರದಿತ್ತಾ? ನಿಮಗೆ ನನ್ನನ್ನ ಬೀಳಿಸೋ ಆತುರ. ಗೆರೆ ಸಿಕ್ಕಿದ್ದೇ ಎಲ್ಲರನ್ನೂ ಕರೆದ್ರಿ."

ಆ ಮಾತು ತಾಗಿತು. ಅವಳು ಮೇಜಿನ ಅಂಚಿಗೆ ಒರಗಿದಳು. ಮತ್ತೆ ಮಾತಾಡಿದಾಗ ದನಿ ತಣ್ಣಗಿತ್ತು, ಮೊದಲಿಗಿಂತ ಹರಿತವಾಗಿತ್ತು.

"ಕೇಳಬೇಕಿತ್ತು. ಅದು ನನ್ನ ತಪ್ಪು, ಡಾಕ್ಟರ ಹತ್ರ ನಾನೇ ಹೇಳ್ಕೋತೀನಿ. ನಿಮ್ಮ ಹತ್ರ ಅಲ್ಲ. ನಾಳೆ ಬೆಳಿಗ್ಗೆ ಮತ್ತೆ ಟೆಸ್ಟು. ಅವಳ ಜೊತೆ ಅವಳ ಅಮ್ಮ ಬರಲಿ. ನೀವು ಈ ಕಾರಿಡಾರಿಗೂ ಕಾಲಿಡಕೂಡದು."

"ಶನಿವಾರ ಆಯ್ಕೆ ಇದೆ ಅವಳಿಗೆ."

"ಪತ್ರ ಇವತ್ತೇ ರದ್ದು. ಶಾಲೆಗೆ ಫೋನ್ ಮಾಡ್ತೀನಿ."

"ಮುಂಚೆ ಪಂಪು ಎಳ್ಕೊಂಡು ಆಡಬಾರದಾ?"

"ಆಡಬಹುದಿತ್ತು!" ಅವಳು ಮೇಜು ಗುದ್ದಿದಳು, ಒಂದು ಕೊಳವೆ ಉರುಳಿ ಕೆಳಗೆ ಬಿತ್ತು. "ಅದೇ ರೀ ನನ್ನ ಹೊಟ್ಟೆ ಉರಿಯೋದು. ನನ್ನ ದೊಡ್ಡವರ ಗುಂಪಲ್ಲಿ ಅರ್ಧಕ್ಕರ್ಧ ಜನ ಪಂಪು ಎಳ್ಕೊಂಡೇ ಓಡೋರು. ಅವತ್ತು ಗೆರೆ ಇಳಿದಿದ್ರೆ ಡಾಕ್ಟರು ದಿನದ ಔಷಧಿ ಸರಿ ಮಾಡಿರೋರು, ನಾನು ನಿಧಾನವಾಗಿ ಮೇಲಕ್ಕೆ ತಂದಿರ್ತಿದ್ದೆ, ಶನಿವಾರದ ಹೊತ್ತಿಗೆ ಅವಳು ಪಂಪು ಎಳ್ಕೊಂಡು ಆಯ್ಕೆಗೆ ಹೋಗ್ತಿದ್ಲು. ಈಗ ಎರಡು ಸಂಜೆಯಿಂದ ಕೆರಳಿರೋ ಎದೆ. ಅದನ್ನ ಮೊದಲು ಶಾಂತ ಮಾಡಬೇಕು. ಟೆಸ್ಟಲ್ಲಿ ಫೇಲಾದ್ರೆ ಮಗಳು ಫೇಲು ಅಂದ್ಕೊಂಡ್ರಾ ನೀವು?"

ಅವನು ಅಂದುಕೊಂಡದ್ದು ಹಾಗಲ್ಲ. ಮಗಳು ಆ ಪಟ್ಟಿಯ ಮೇಲೆ ತನ್ನ ಕಣ್ಣೆದುರು ಏದುಸಿರು ಬಿಡುವುದನ್ನು ನೋಡಲಾರದೆ ಹೋಗಿದ್ದ, ಅಷ್ಟೇ. ಬಗ್ಗಿ ಕೊಳವೆಯನ್ನು ಎತ್ತಿಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ, ತೊಳೆಯದವುಗಳ ಬಕೆಟ್ಟಿನ ಕಡೆ ಬೆರಳು ತೋರಿಸಿದಳು. ಅದರಲ್ಲಿ ಹಾಕಿ ಹೊರಟ.

ಮಗಳಿಗೆ ತಾನೇ ಹೇಳಬೇಕೆಂದುಕೊಂಡಿದ್ದ. ಅವನು ಮನೆ ಮುಟ್ಟುವಷ್ಟರಲ್ಲಿ ಶಾಲೆಯಲ್ಲಿ ಆಟದ ಮೇಷ್ಟ್ರು ಅವಳನ್ನು ಕರೆದು ಹೇಳಿಯಾಗಿತ್ತು. ಅವಳು ಸಮವಸ್ತ್ರ ಬದಲಿಸದೆ ಬಾಗಿಲಲ್ಲೇ ನಿಂತಿದ್ದಳು. ಮೆಕ್ಯಾನಿಕ್ ವ್ಯಾನಿನಿಂದ ಇಳಿಯುವ ಮುಂಚೆಯೇ ಕೇಳಿದಳು:

"ಹೇಳಿದ್ಯಾ?"

"ಹೇಳಿದೆ."

"ಎಲ್ಲಾನೂ?"

"ಎಲ್ಲಾನೂ. ನೀನು ಬೇಡ ಅಂದಿದ್ದೂ ಹೇಳಿದೆ."

"ಓಹೋ, ದೊಡ್ಡ ಉಪಕಾರ." ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಒದ್ದೆಯಾಗಿರಲಿಲ್ಲ. "ಎಳೆಸಿದ್ದೂ ನೀನೇ, ಹೇಳಿದ್ದೂ ನೀನೇ. ನಡುವೆ ನಾನು ಯಾಕಿದ್ದೆ?"

ಅವನು ಏನೋ ಹೇಳಿದ. ಹಾಗೆ ಹೇಳುತ್ತಿರುವಾಗಲೇ ಅವಳು ಒಳಗೆ ಹೋದಳು. ಈ ಸಲ ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಅದು ಅವನಿಗೆ ಬಡಿದದ್ದಕ್ಕಿಂತ ಜೋರಾಗಿ ಕೇಳಿಸಿತು.

ಶುಕ್ರವಾರದ ಪರೀಕ್ಷೆಯಲ್ಲಿ, ಓಟ ಮುಗಿದು ಸ್ವಲ್ಪ ಹೊತ್ತಿಗೆ ಗೆರೆ ಕಾಲು ಭಾಗದಷ್ಟು ಇಳಿಯಿತು. ನರ್ಸು ಪಂಪು ಕೊಟ್ಟಳು, ಗೆರೆ ಮತ್ತೆ ಏರಿತು. ಡಾಕ್ಟರು ದಿನದ ಔಷಧಿಯನ್ನು ಬದಲಿಸಿದರು. ಓಟಕ್ಕೆ ಮುಂಚೆ ಪಂಪು ಕಡ್ಡಾಯ ಎಂದರು, ಒಂದು ತಿಂಗಳು ಚಿಕ್ಕವರ ಗುಂಪಿನಲ್ಲೇ ಇರಲಿ ಎಂದರು. ಸೀಟಿ ಮೇಡಂ ಹುಡುಗಿಯ ಮುಂದೆ ಕೂತು, ನಿನ್ನನ್ನು ಕೇಳದೆ ಓಡಿಸಿದ್ದು ನನ್ನ ತಪ್ಪು ಎಂದಳಂತೆ. ಹುಡುಗಿ, "ನೀವೂ ಅಷ್ಟೇ, ಅವರೂ ಅಷ್ಟೇ," ಎಂದು ಬೂಟು ಕಳಚಿದಳಂತೆ. ಇದನ್ನೆಲ್ಲ ಮೆಕ್ಯಾನಿಕ್‌ಗೆ ಹೆಂಡತಿ ಫೋನಿನಲ್ಲಿ ಹೇಳಿದಳು. ಆಗ ಅವನು ಒಂದು ಕಚೇರಿ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ, ಎರಡು ಮಹಡಿಗಳ ನಡುವೆ ಕೂತಿದ್ದ. ಇನ್ನೂ ಏನಾದ್ರೂ ಅಂದ್ಲಾ ಎಂದು ಕೇಳಿದ. ಅಷ್ಟು ಬಿಟ್ಟರೆ ನಿಮ್ಮ ವಿಷಯ ಎತ್ತಲಿಲ್ಲ ಎಂದಳು ಹೆಂಡತಿ.

ಶನಿವಾರ ಆಯ್ಕೆ ಅವಳಿಲ್ಲದೆ ನಡೆಯಿತು. ಸೋಮವಾರ ಸಂಜೆ ತಾಯಿ ಕ್ಲಿನಿಕ್ಕಿನಿಂದ ಬೇಗ ಬಿಡಿಸಿಕೊಂಡು ಬಂದು ಮಗಳನ್ನು ತರಬೇತಿಗೆ ಕರೆದುಕೊಂಡು ಹೋದಳು. ವ್ಯಾನು ಮನೆಯ ಮುಂದೆಯೇ ನಿಂತಿತ್ತು, ಮೆಕ್ಯಾನಿಕ್ ಕೀಲಿ ಹಿಡಿದು ಪಕ್ಕದಲ್ಲಿದ್ದ. ತಾಯಿ ಮಗಳಿಬ್ಬರೂ ಬಸ್ಸಿನಲ್ಲಿ ಹೋದರು.